ಒತ್ತು ಶಾವಿಗೆಯೂ ಕೋಯಂಬೇಡಿನ ಸಂತೆಯೂ

ಊರು ಬಿಟ್ಟು ಬಂದ ನಾವು ಮಕ್ಕಳಿಗೆ ಕನ್ನಡ ಕಲಿಸುವ ವಿಷಯದಲ್ಲಿ ಎಷ್ಟು ಚಿಂತೆ ಮಾಡುತ್ತೇವೆಯೋ ಅದರ ಕಾಲುಭಾಗವನ್ನಾದರೂ ಅಡಿಗೆಯ ವಿಷಯದಲ್ಲಿ ಮಾಡುವುದಿಲ್ಲ. ಭಾಷೆ ಹೋದರೂ ಹೋದೀತು, ನಾಲಗೆಯ ರುಚಿ ಎಲ್ಲಿಗೆ ಹೋದೀತು ಎಂಬ ಧೈರ್ಯ ನಮ್ಮದು. ಸಾರು, ಹುಳಿ, ಗೊಜ್ಜು, ಬಿಸಿಬೇಳೆ ಅನ್ನ ಇವುಗಳ ಮಟ್ಟಿಗೆ ಈ ಧೈರ್ಯ ಸುಳ್ಳಲ್ಲ. ಮನೆಯಲ್ಲಿ ಬಲ್ಲವರು ಒಬ್ಬರಿದ್ದರೆ ಸಾಕು, ಅವು ಉಳಿಯುತ್ತವೆ. ಆದರೆ ಒಬ್ಬರ ಕೈಯಿಂದ ಆಗದ ಅಡಿಗೆಗಳೂ ನಮ್ಮಲ್ಲಿ ಉಂಟು. ಅವಕ್ಕೆ ಎರಡು ಜೊತೆ ಕೈ ಬೇಕು, ಒಮ್ಮೊಮ್ಮೆ ಮೂರು ಜೊತೆ ಬೇಕು. ಪರವೂರಿನಲ್ಲಿ ಮೊದಲು ಮರೆಯಾಗುವುವು ಅಂಥವೇ. ಒತ್ತು ಶಾವಿಗೆ ಅವುಗಳಲ್ಲೊಂದು.

ಹೋಟೆಲುಗಳಿಂದಾಗಿ ನಮ್ಮ ದೋಸೆ ಇಡ್ಲಿಗಳ ಕೀರ್ತಿ ದೇಶವಿಡೀ ಹರಡಿತು. ಈ ಮದರಾಸಿನಲ್ಲೇ ಉಡುಪಿಯ ಕಡೆಯವರು ಕಟ್ಟಿದ ಹೋಟೆಲುಗಳ ಹೆಸರನ್ನು ತಮಿಳರೂ ಪ್ರೀತಿಯಿಂದ ಹೇಳುತ್ತಾರೆ. ಆದರೆ ಒತ್ತು ಶಾವಿಗೆ ಹೋಟೆಲಿನ ತಿಂಡಿಯಾಗಲಿಲ್ಲ. ಬಿಸಿಯಿರುವಾಗಲೇ ಒತ್ತಬೇಕು, ಒತ್ತಿದ ಕೂಡಲೇ ಬಡಿಸಬೇಕು, ಒತ್ತುವವರಿಗೆ ತೋಳಿನಲ್ಲಿ ಕಸುವು ಬೇಕು. ಗಿರಾಕಿ ಬಂದಂತೆಲ್ಲ ಹೀಗೆ ಒತ್ತಿಕೊಡಲು ಹೋಟೆಲಿನವರಿಗೆ ಪುರಸೊತ್ತು ಎಲ್ಲಿ? ಹೀಗಾಗಿ ಅದು ಮನೆಯ ಅಡಿಗೆಯಾಗಿಯೇ ಉಳಿಯಿತು. ಕನ್ನಡನಾಡಿನ ಹೊರಗೆ ಅದರ ಹೆಸರು ಕೇಳಿದವರೇ ಕಡಿಮೆ.

ಒಂದು ತಿಂಡಿ, ಹಲವು ಹೆಸರು

ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಮಂಡ್ಯ, ಮೈಸೂರು ಈ ಸೀಮೆಯವರಿಗೆ ಇದು ಒತ್ತು ಶಾವಿಗೆ. ಕೆಲವರ ಬಾಯಲ್ಲಿ ಒತ್ತು ಶ್ಯಾವಿಗೆ. ದಕ್ಷಿಣ ಕನ್ನಡದಲ್ಲೂ ಕಾಸರಗೋಡಿನ ಕನ್ನಡ ಮನೆಗಳಲ್ಲೂ ಸೇಮಿಗೆ ಅಥವಾ ಸೇಮಗೆ. ಕೊಡಗಿನಲ್ಲಿ ನೂಪುಟ್ಟು, ಅಲ್ಲಿ ಕೋಳಿ ಸಾರಿನ ಜೊತೆಗೆ ಅದಕ್ಕೆ ವಿಶೇಷ ಮರ್ಯಾದೆ. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಶೇವಯಿ. ಹೆಸರು ಏನೇ ಇರಲಿ, ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಒರಳಿಗೆ ಹಾಕಿ ಒತ್ತಿ ತೆಗೆದ ಬಿಳಿಯ ಎಳೆಗಳೇ ಇದರ ಮೂಲರೂಪ.

ಹಿಂದೆ ಇದು ದಿನಬಳಕೆಯ ತಿಂಡಿಯಾಗಿರಲಿಲ್ಲ. ಮಗಳು-ಅಳಿಯ ಬಂದರೆ, ಬೀಗರು ಬಂದರೆ, ಮಾವಿನಹಣ್ಣಿನ ಕಾಲ ಬಂದರೆ ಅಟ್ಟದ ಮೇಲಿನ ಒರಳು ಕೆಳಗಿಳಿಯುತ್ತಿತ್ತು. ಎಲ್ಲ ಮನೆಯಲ್ಲೂ ಒರಳು ಇರುತ್ತಿರಲಿಲ್ಲ. ಕೇರಿಯಲ್ಲಿ ಒಂದೋ ಎರಡೋ ಇದ್ದು, ಅವು ಮನೆಯಿಂದ ಮನೆಗೆ ಎರವಲು ಹೋಗುತ್ತಿದ್ದುವು. ಒರಳನ್ನು ಹಿಂದಕ್ಕೆ ಕೊಡುವಾಗ ಅದರ ಜೊತೆಗೆ ಒಂದು ಬಟ್ಟಲು ಶಾವಿಗೆಯನ್ನೂ ಕೊಟ್ಟು ಬರುವುದು ಮರ್ಯಾದೆ. ಹಳೆಯ ಒರಳು ಮರದ್ದು. ತಳಕ್ಕೆ ತೂತುಗಳ ಹಿತ್ತಾಳೆಯ ಬಿಲ್ಲೆ. ಮೇಲಿನ ದಿಂಡಿನ ಮೇಲೆ ಒಬ್ಬರು ಮೈಭಾರವನ್ನೆಲ್ಲ ಬಿಟ್ಟು ಒತ್ತಬೇಕು, ಇನ್ನೊಬ್ಬರು ಕೆಳಗೆ ತಟ್ಟೆ ಹಿಡಿದು ಎಳೆಗಳನ್ನು ಸುತ್ತಿ ತೆಗೆಯಬೇಕು. ಅನಂತರ ತಿರುಪು ಇರುವ, ಮೂರು ಕಾಲಿನ ಲೋಹದ ಒರಳುಗಳು ಬಂದುವು. ಭಾರ ಬಿಡುವ ಬದಲು ಹಿಡಿ ತಿರುಗಿಸಿದರಾಯಿತು. ಹಾಗಿದ್ದರೂ ಎರಡನೆಯವರ ಕೈ ಬೇಡವೆಂದಾಗಲಿಲ್ಲ.

ಇಡಿಯಾಪ್ಪವೆ, ಶಾವಿಗೆಯೆ?

ಮದರಾಸಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಮುಂದೆ ಈ ತಟ್ಟೆಯಿಟ್ಟರೆ, “ಇದು ಇಡಿಯಾಪ್ಪಂ ಅಲ್ವಾ ಅಜ್ಜಿ?” ಎಂಬ ಪ್ರಶ್ನೆ ಬರುವುದು ಸಹಜ. ಇದಕ್ಕೆ ನಾವು ಕೇಳಿದ ಅತ್ಯುತ್ತಮ ಉತ್ತರ ಹಾಸನದ ಕಡೆಯ ಒಬ್ಬ ಹಿರಿಯರದು. “ಅಲ್ಲ ಮಗು, ಒತ್ತಿದ ಮೇಲೆ ಬೇಯಿಸಿದರೆ ಇಡಿಯಾಪ್ಪ, ಬೇಯಿಸಿದ ಮೇಲೆ ಒತ್ತಿದರೆ ಶಾವಿಗೆ” ಎಂದರು ಆಕೆ. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಯಾವ ಪಾಕಶಾಸ್ತ್ರದಿಂದಲೂ ಆಗಲಾರದು.

ಇಡಿಯಾಪ್ಪಕ್ಕೆ ಅಕ್ಕಿಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ತಟ್ಟೆಯ ಮೇಲೆ ಒತ್ತಿ, ಆಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ಹಿಟ್ಟು ಮೆತ್ತಗಿರುವುದರಿಂದ ಒಬ್ಬರೇ ಕೈಯೊರಳಿನಲ್ಲಿ ಒತ್ತಿಕೊಳ್ಳಬಹುದು. ನಮ್ಮದರಲ್ಲಿ ಹಿಟ್ಟು ಮೊದಲೇ ಪೂರ್ತಿ ಬೆಂದಿರುತ್ತದೆ. ಬೆಂದ ಹಿಟ್ಟು ಗಟ್ಟಿ, ಒತ್ತುವುದು ಕಷ್ಟ. ಆದರೆ ಎಳೆ ನುಣುಪಾಗಿ, ಉದ್ದವಾಗಿ, ತುಂಡಾಗದೆ ಬರುತ್ತದೆ.

ಇದರ ಹಿಂದಿನ ಕಾರಣವೂ ತಿಳಿದಿರಲಿ. ಗೋಧಿಹಿಟ್ಟಿನಲ್ಲಿ ಗ್ಲೂಟೆನ್ ಎಂಬ ಅಂಟುಸಾರ ಇರುವುದರಿಂದ ಹಸಿ ಹಿಟ್ಟನ್ನೇ ದಾರದಂತೆ ಎಳೆಯಬಹುದು. ಅಕ್ಕಿಯಲ್ಲಿ ಆ ಸಾರವಿಲ್ಲ. ಅಕ್ಕಿಯ ಪಿಷ್ಟ ನೀರು ಕುಡಿದು, ಬೆಂದು, ಊದಿ ಅಂಟಾದ ಮೇಲೆಯೇ ಅದಕ್ಕೆ ಎಳೆ ಹಿಡಿಯುವ ಗುಣ ಬರುವುದು. ಆರುತ್ತ ಹೋದಂತೆ ಅದೇ ಪಿಷ್ಟ ಗಡುಸಾಗುತ್ತದೆ. ಆದುದರಿಂದಲೇ “ಉಂಡೆ ಬಿಸಿಯಿರುವಾಗಲೇ ಒತ್ತು” ಎಂದು ಹಿರಿಯರು ಅವಸರಪಡಿಸುತ್ತಿದ್ದುದು. ಒಬ್ಬರು ಹಬೆಯ ಪಾತ್ರೆಯಿಂದ ಉಂಡೆ ತೆಗೆದು ಕೊಡುತ್ತಿರಬೇಕು, ಇನ್ನೊಬ್ಬರು ಒತ್ತುತ್ತಿರಬೇಕು. ಜೊತೆ ಬೇಕೆಂಬ ಕಟ್ಟುಪಾಡು ಅಕ್ಕಿಯ ಸ್ವಭಾವದಲ್ಲೇ ಇದೆ.

ತಮಿಳುನಾಡಿನಲ್ಲೂ ನಮ್ಮ ಈ ಶಾವಿಗೆಗೆ ಒಬ್ಬ ದಾಯಾದಿ ಇದ್ದಾನೆ ಎಂಬುದನ್ನು ಇಲ್ಲಿ ಹೇಳದಿರಲಾಗದು. ಕೊಯಮತ್ತೂರು, ಈರೋಡು ಕಡೆಯ ಕೊಂಗುನಾಡಿನಲ್ಲಿ ‘ಸಂದಗೈ’ ಎಂಬ ತಿಂಡಿ ಉಂಟು. ಅಕ್ಕಿಯನ್ನು ನೆನೆಸಿ ರುಬ್ಬಿ, ಇಡ್ಲಿಯಂತೆ ಬೇಯಿಸಿ, ಬಿಸಿಯಿರುವಾಗಲೇ ಒರಳಿನಲ್ಲಿ ಒತ್ತುವುದು ಅವರ ಕ್ರಮ. ಕೊಂಗುನಾಡು ನಮ್ಮ ಚಾಮರಾಜನಗರದ ಗಡಿಗೆ ತಗುಲಿಕೊಂಡ ಸೀಮೆ. ಗಡಿಯ ಗೆರೆ ಎಳೆಯುವುದಕ್ಕೆ ಬಹಳ ಮೊದಲೇ ಈ ಒರಳಿನ ವಿದ್ಯೆ ಎರಡೂ ಕಡೆ ಓಡಾಡಿರಬೇಕು. ನೆರೆಮನೆಯವರು ಕೊಂಗಿನವರಾಗಿದ್ದರೆ ನಮಗೆ ಬೇಕಾದ ಎರಡನೆಯ ಜೊತೆ ಕೈ ಸಿಕ್ಕಿತೆಂದೇ ತಿಳಿಯಿರಿ.

ಕೋಯಂಬೇಡಿನಲ್ಲಿ ಸಾಮಾನು

ಕೋಯಂಬೇಡು ಹಳೆಯ ಊರು. ಇಲ್ಲಿನ ಕುರುಂಗಾಲೀಶ್ವರರ ಗುಡಿಗೆ ಲವಕುಶರ ಕಥೆ ಹೊಂದಿಕೊಂಡಿದೆ. ಶ್ರೀರಾಮನ ಯಾಗದ ಕುದುರೆಯನ್ನು ಅವರು ಕಟ್ಟಿಹಾಕಿದ್ದು ಇಲ್ಲೇ ಎನ್ನುತ್ತದೆ ಐತಿಹ್ಯ. ಈಗಿನವರಿಗೆ ಕೋಯಂಬೇಡೆಂದರೆ ಸಂತೆ. ಜಾರ್ಜ್ ಟೌನಿನ ಕೊತ್ತವಾಲ್ ಚಾವಡಿಯಲ್ಲಿ ಕಿಕ್ಕಿರಿದಿದ್ದ ಸಗಟು ವ್ಯಾಪಾರವನ್ನು ೧೯೯೬ರಲ್ಲಿ ಇಲ್ಲಿಗೆ ತಂದರು. ಮದರಾಸು ಚೆನ್ನೈ ಆದದ್ದೂ ಅದೇ ವರ್ಷ. ಹೂವಿಗೆ, ಹಣ್ಣಿಗೆ, ತರಕಾರಿಗೆ ಬೇರೆಬೇರೆ ವಿಭಾಗಗಳು. ಎಲ್ಲ ಸೇರಿ ೩,೦೦೦ಕ್ಕೂ ಮಿಕ್ಕಿದ ಅಂಗಡಿಗಳು. ೨೦೦೨ರಲ್ಲಿ ಪಕ್ಕದಲ್ಲೇ ದೊಡ್ಡ ಬಸ್ ನಿಲ್ದಾಣ ತೆರೆಯಿತು. ಎಷ್ಟೋ ಕನ್ನಡ ಮನೆಗಳಿಗೆ ಬೆಂಗಳೂರಿನ ಬಸ್ಸು ಹತ್ತುವ ಜಾಗವೆಂದೇ ಅದರ ಪರಿಚಯ. ೨೦೧೫ರಲ್ಲಿ ನಗರದ ಮೊದಲ ಮೆಟ್ರೋ ರೈಲು ಓಡಿದ್ದೂ ಕೋಯಂಬೇಡಿಗೂ ಆಲಂದೂರಿಗೂ ನಡುವೆ.

ಈ ಸಂತೆಯ ಒಂದು ಸೊಗಸೇನೆಂದರೆ, ಇಲ್ಲಿ ಕನ್ನಡನಾಡು ಲಾರಿಯಲ್ಲಿ ಬಂದಿಳಿಯುತ್ತದೆ. ಕೋಲಾರದ ಕಡೆಯ ಟೊಮೇಟೊ ರಾತ್ರಿ ಹೊರಟು ನಸುಕಿಗೆ ಇಲ್ಲಿರುತ್ತದೆ. ಪೆಟ್ಟಿಗೆ ಇಳಿಸುವಲ್ಲಿ ಚಾಲಕರ ಕನ್ನಡ ಕಿವಿಗೆ ಬಿದ್ದರೆ ನಮ್ಮವರ ಕಾಲು ತಾನಾಗಿ ನಿಲ್ಲುತ್ತದೆ.

ಶಾವಿಗೆಗೆ ಬೇಕಾದ ಸಾಮಾನು ಹೆಚ್ಚೇನೂ ಇಲ್ಲ: ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಳ್ಳು, ಏಲಕ್ಕಿ. ಜೊತೆಗೆ ಬಾಳೆಲೆ, ಕಾಲವಿದ್ದರೆ ಮಾವಿನಹಣ್ಣು. ಅಕ್ಕಿ ಹಳೆಯದಾಗಿರಲಿ, ಹೊಸ ಅಕ್ಕಿಯ ಹಿಟ್ಟು ಜಿಗುಟಾಗಿ ಬಿಲ್ಲೆಗೆ ಮೆತ್ತುತ್ತದೆ. ಅಂಗಡಿಯಲ್ಲಿ ‘ಪಚ್ಚರಿಸಿ’ ಎಂದರೆ ನಮ್ಮ ಬೆಳ್ತಿಗೆ ಅಕ್ಕಿ, ‘ಪುಳುಂಗಲ್’ ಎಂದರೆ ಕುಸುಬಲಕ್ಕಿ. ಶಾವಿಗೆಗೆ ಎರಡೂ ಆಗುತ್ತದೆ. ಕಾಯಿಹಾಲಿಗೆ ಚೆನ್ನಾಗಿ ಬಲಿತ ಕಾಯಿಯೇ ಬೇಕು. ಕೈಯಲ್ಲಿ ಹಿಡಿದರೆ ತೂಕ ತೋರಬೇಕು, ಕಿವಿಯ ಹತ್ತಿರ ಅಲುಗಿಸಿದರೆ ನೀರಿನ ಸದ್ದು ಕೇಳಬೇಕು. ಬೆಲ್ಲ ತೀರ ಹಳದಿಯಾಗಿ ಹೊಳೆಯುತ್ತಿದ್ದರೆ ಬಿಡಿ. ಕಂದುಬಣ್ಣದ್ದು ನೋಡಲು ಮಂಕಾದರೂ ರುಚಿಗೆ ಮೇಲು. ಸಗಟು ಸಂತೆಯೆಂದು ಅಂಜಬೇಕಾಗಿಲ್ಲ. ನಾಲ್ಕು ಮನೆಯವರು ಸೇರಿ ಹೋದರೆ ಒಂದು ಕಟ್ಟು ಬಾಳೆಲೆ, ಒಂದು ಡಜನ್ ಕಾಯಿ ಹಂಚಿಕೊಳ್ಳುವುದು ಸುಲಭ, ದುಡ್ಡೂ ಉಳಿಯುತ್ತದೆ.

ಒರಳು ಇಲ್ಲದವರು ಪಾತ್ರೆಯಂಗಡಿಯಲ್ಲಿ ‘ಸೇವೈ ನಾಳಿ’ ಎಂದು ಕೇಳಿದರೆ ತಿರುಪಿನ ಒರಳು ತೋರಿಸುತ್ತಾರೆ. ಇಡಿಯಾಪ್ಪದ ಸಣ್ಣ ಕೈಯೊರಳು ಕೊಳ್ಳಬೇಡಿ. ಬೆಂದ ಹಿಟ್ಟಿನ ಬಿಗಿಗೆ ಅದು ತಡೆಯುವುದಿಲ್ಲ.

ಒತ್ತುವ ಕ್ರಮ

ನಾಲ್ಕೈದು ಮಂದಿಗೆ ಅರ್ಧ ಕಿಲೋ ಅಕ್ಕಿ ಸಾಕು. ತೊಳೆದು ನಾಲ್ಕು ಗಂಟೆ ನೆನೆಸಿ, ಒಂದು ಹಿಡಿ ತೆಂಗಿನತುರಿ ಸೇರಿಸಿ, ಬೆಣ್ಣೆಯಂತೆ ನುಣ್ಣಗೆ ರುಬ್ಬಿರಿ. ತರಿಯಿದ್ದರೆ ಎಳೆ ಕಡಿಯುತ್ತದೆ. ನೀರು ಬೆರೆಸಿ ದೋಸೆಹಿಟ್ಟಿಗಿಂತ ತೆಳ್ಳಗೆ ಮಾಡಿ, ಉಪ್ಪು ಹಾಗೂ ಒಂದು ಚಮಚ ಎಣ್ಣೆ ಹಾಕಿ, ದಪ್ಪತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲಿಡಿ. ಇಲ್ಲಿಂದ ಸೌಟು ನಿಲ್ಲಬಾರದು. ಹಿಟ್ಟು ಗಂಟುಕಟ್ಟದೆ ಗಟ್ಟಿಯಾಗುತ್ತ, ಬಾಣಲೆಯ ಅಂಚು ಬಿಟ್ಟು ಮುದ್ದೆಯಾದಾಗ ಇಳಿಸಿ. ಕೈಗೆ ನೀರು ಮುಟ್ಟಿಸಿಕೊಂಡು, ಒರಳಿನ ಬಾಯಿಗೆ ಹಿಡಿಯುವಷ್ಟು ಉದ್ದುದ್ದ ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ೧೫–೨೦ ನಿಮಿಷ ಹಬೆಗಿಡಿ. ಹಿಂದಿನವರು ಉಂಡೆಗಳನ್ನು ಕುದಿಯುವ ನೀರಿಗೇ ಹಾಕಿ, ಅವು ತೇಲಿ ಬಂದಾಗ ತೆಗೆಯುತ್ತಿದ್ದುದೂ ಉಂಟು.

ಒರಳಿನ ಒಳಗೆ ಎಣ್ಣೆ ಸವರಿ, ಒಂದೊಂದೇ ಉಂಡೆ ಹಾಕಿ ಒತ್ತಿ. ಉಳಿದವು ಹಬೆಯಲ್ಲೇ ಮುಚ್ಚಿರಲಿ. ಎಳೆ ಇಳಿಯುತ್ತಿದ್ದಂತೆ ಕೆಳಗಿನವರು ತಟ್ಟೆ ತಿರುಗಿಸುತ್ತ ಹೋದರೆ ಅದು ಸುರುಳಿಯಾಗಿ ಕೂಡುತ್ತದೆ. ಒತ್ತುವ ಕೆಲಸ ಗಂಡಸರದು, ಸುರುಳಿ ತೆಗೆಯುವ ಕೆಲಸ ಹೆಂಗಸರದು, ತಟ್ಟೆ ಸಾಗಿಸುವ ಕೆಲಸ ಮಕ್ಕಳದು. ಹಿಂದಿನ ಮನೆಗಳ ವಿಂಗಡಣೆ ಹೀಗಿತ್ತು. ಅಡಿಗೆಮನೆಯ ಕಡೆ ತಲೆಹಾಕದ ಮಾವನವರೂ ಈ ಒಂದು ದಿನ ತೋಳು ಮಡಿಸಿ ಬರುತ್ತಿದ್ದರು.

ಕಾಯಿಹಾಲಿಗೆ ಒಂದು ದೊಡ್ಡ ಕಾಯಿಯ ತುರಿಯನ್ನು, ನೆನೆಸಿದ ಒಂದು ಚಮಚ ಗಸಗಸೆಯೊಡನೆ ರುಬ್ಬಿ ಹಾಲು ಹಿಂಡಿಕೊಳ್ಳಿ. ಸುಮಾರು ೨೦೦ ಗ್ರಾಂ ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಸೋಸಿ, ಆರಿದ ಮೇಲೆ ಹಾಲಿಗೆ ಸೇರಿಸಿ ಏಲಕ್ಕಿ ಪುಡಿ ಹಾಕಿ. ಇದನ್ನು ಕುದಿಸಬಾರದು, ಕುದಿಸಿದರೆ ಒಡೆಯುತ್ತದೆ. ಕಾಯಿಹಾಲು ಒಂದೇ ಅಲ್ಲ, ಹುರಿದ ಎಳ್ಳನ್ನು ಬೆಲ್ಲದೊಡನೆ ಕುಟ್ಟಿದ ಪುಡಿಯೂ ಶಾವಿಗೆಗೆ ಒಪ್ಪುತ್ತದೆ. ಮಾವಿನ ಕಾಲದಲ್ಲಿ ರಸಾಯನ. ಖಾರ ಬಯಸುವವರಿಗೆ ಕಾಳಿನ ಸಾರು. ಮಾಂಸ ತಿನ್ನುವ ಮನೆಗಳಲ್ಲಿ ನಾಟಿಕೋಳಿ ಸಾರು. ಉಳಿದದ್ದಕ್ಕೆ ಮರುದಿನ ಬೆಳಿಗ್ಗೆ ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡಿದರೆ ಚಿತ್ರಾನ್ನದ ತಮ್ಮನಂತಿರುತ್ತದೆ. ಮಕ್ಕಳಿಗೆ ಇದೇ ಹೆಚ್ಚು ಇಷ್ಟವೆಂದು ಅನೇಕ ತಾಯಂದಿರ ಅಭಿಪ್ರಾಯ.

ಉತ್ತರದ ಗೋಧಿ ಶಾವಿಗೆ

ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಓದುಗರು “ನಮ್ಮ ಶಾವಿಗಿ ಎಲ್ರೀ?” ಎಂದು ಕೇಳುವ ಮೊದಲೇ ಹೇಳಿಬಿಡುತ್ತೇವೆ. ಅಲ್ಲಿನದು ಗೋಧಿಯದು. ಬೇಸಗೆಯ ಬಿಸಿಲಿನಲ್ಲಿ ಕೇರಿಯ ಹೆಂಗಸರು ಒಂದು ಮನೆಯ ಅಂಗಳದಲ್ಲಿ ಸೇರಿ, ಚೆನ್ನಾಗಿ ನಾದಿದ ಕಣಕವನ್ನು ಶಾವಿಗೆ ಮಣೆಯ ಮೇಲೆ ತಿಕ್ಕಿ ಎಳೆ ತೆಗೆದು, ಕೋಲಿನ ಮೇಲೆ ಇಳಿಬಿಟ್ಟು ಒಣಗಿಸುತ್ತಾರೆ. ಇಂದು ಇವರ ಮನೆ, ನಾಳೆ ಅವರ ಮನೆ. ಒಣಗಿದ ಶಾವಿಗೆ ಡಬ್ಬಿಯಲ್ಲಿ ವರ್ಷವಿಡೀ ಇರುತ್ತದೆ. ಬೇಕಾದಾಗ ಕುದಿಸಿ ಬಸಿದು, ಹಾಲು, ತುಪ್ಪ, ಸಕ್ಕರೆ ಅಥವಾ ಬೆಲ್ಲ ಹಾಕಿ ಉಣ್ಣುವುದು. ರಂಜಾನ್ ಹಬ್ಬದಂದು ಮುಸಲ್ಮಾನರ ಮನೆಯ ಶೀರ್ ಖುರ್ಮಾಕ್ಕೂ ಶಾವಿಗೆಯೇ ಬೇಕು. ಅಕ್ಕಿಯದು ಒತ್ತುವ ಶಾವಿಗೆ, ಗೋಧಿಯದು ಹೊಸೆಯುವ ಶಾವಿಗೆ. ಧಾನ್ಯ ಬೇರೆ, ಉಪಕರಣ ಬೇರೆ, ಆದರೆ ನಾಲ್ಕು ಜನ ಸೇರದೆ ಆಗದೆಂಬ ನಿಯಮ ಎರಡಕ್ಕೂ ಒಂದೇ.

ಕಡಲಾಚೆಯ ಎಳೆಗಳು

ಊರು ಬಿಟ್ಟವರ ಕೈಯಲ್ಲಿ ಇಂಥ ತಿಂಡಿಗಳು ಏನಾಗುತ್ತವೆ ಎಂಬುದಕ್ಕೆ ಜಗತ್ತಿನಲ್ಲಿ ಬೇಕಾದಷ್ಟು ನಿದರ್ಶನಗಳಿವೆ. ಮಲೇಷಿಯಾ, ಸಿಂಗಪುರಗಳಿಗೆ ಹೋದ ತಮಿಳರೊಡನೆ ಇಡಿಯಾಪ್ಪವೂ ಹೋಯಿತು. ಅಲ್ಲಿ ‘ಪುತು ಮಯಂ’ ಎಂಬ ಹೆಸರು ಪಡೆದು, ತೆಂಗಿನತುರಿ ಸಕ್ಕರೆಗಳೊಡನೆ ಬೀದಿಯ ತಿಂಡಿಯಾಯಿತು. ಫಿಲಿಪ್ಪೀನ್ಸ್ ದ್ವೀಪಗಳಿಗೆ ವ್ಯಾಪಾರಕ್ಕೆಂದು ಹೋದ ಚೀನೀಯರೊಡನೆ ಅವರ ಎಳೆತಿಂಡಿ ಹೋಗಿ ‘ಪಂಸಿತ್’ ಆಯಿತು. ಈಗ ಅಲ್ಲಿ ಒಂದೊಂದು ಸೀಮೆಗೂ ಒಂದೊಂದು ಬಗೆಯ ಪಂಸಿತ್ ಉಂಟು. ಕೆಸೋನ್ ಪ್ರಾಂತ್ಯದ ಲುಕ್ಬಾನ್ ಊರಿನದಕ್ಕೆ ‘ಪಂಸಿತ್ ಹಬ್‌ಹಬ್’ ಎಂದು ಹೆಸರು. ಅದನ್ನು ಬಾಳೆಲೆಯ ತುಂಡಿನ ಮೇಲೆ ಬಡಿಸಿ ಮೇಲೆ ವಿನಿಗರ್ ಚಿಮುಕಿಸುತ್ತಾರೆ. ಚಮಚವೂ ಬೇಡ, ಕೈಯೂ ಬೇಡ. ಎಲೆಯನ್ನೇ ಬಾಯಿಗೆತ್ತಿ ತಿನ್ನುವುದು ಅಲ್ಲಿನ ಪದ್ಧತಿ. ಉದ್ದ ಎಳೆ ದೀರ್ಘಾಯುಸ್ಸಿನ ಗುರುತೆಂದು ಹುಟ್ಟುಹಬ್ಬದಂದು ಪಂಸಿತ್ ಮಾಡುವುದೂ ಅವರಲ್ಲಿದೆ.

ಈ ತಿಂಡಿಗಳು ಪರದೇಶದಲ್ಲಿ ಬದುಕಿದ್ದು ಹೇಗೆ? ಬೀದಿಯ ವ್ಯಾಪಾರಿಗಳು, ಅಂಗಡಿಯವರು ಅವನ್ನು ಕೈಗೆತ್ತಿಕೊಂಡರು. ನೆರೆಯವರೂ ತಿಂದು ತಮ್ಮದೆಂದುಕೊಂಡರು. ನಮ್ಮ ಒತ್ತು ಶಾವಿಗೆಗೆ ಅಂಗಡಿಯ ಆಸರೆಯಿಲ್ಲ. ಅದಕ್ಕಿರುವುದು ಮನೆಗಳ ಆಸರೆ ಮಾತ್ರ.

ಕೈ ಸೇರಿಸುವವರು ಯಾರು?

ಈಗ ವಿಷಯದ ತಿರುಳಿಗೆ ಬರೋಣ. ಒಣಗಿಸಿದ ಅಕ್ಕಿ ಶಾವಿಗೆ ಪೊಟ್ಟಣದಲ್ಲಿ ಸಿಗುತ್ತದೆ. ಬಿಸಿನೀರಿಗೆ ಹಾಕಿ ತೆಗೆದರೆ ಮೂರು ನಿಮಿಷದ ಕೆಲಸ. ದುಡಿಯಲು ಹೋಗುವ ಗೃಹಿಣಿ ಅದನ್ನು ಕೊಂಡರೆ ಆಕ್ಷೇಪಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಪೊಟ್ಟಣದಿಂದ ಮಗುವಿಗೆ ತಿಂಡಿ ದೊರೆಯಿತೇ ಹೊರತು ಒತ್ತುವ ದಿನ ದೊರೆಯಲಿಲ್ಲ. ಅಜ್ಜಿಯ ಅವಸರ, ಅತ್ತಿಗೆ ನಾದಿನಿಯರ ತಮಾಷೆ, “ಇನ್ನೊಂದು ಉಂಡೆ ಹಾಕು, ಬೇಗ” ಎಂಬ ಕೂಗು, ಬಿಸಿ ಸುರುಳಿಯನ್ನು ಕದ್ದು ಬಾಯಿಗೆ ಹಾಕಿಕೊಂಡ ಸುಖ ಇವು ಪೊಟ್ಟಣದಲ್ಲಿ ಬರುವುದಿಲ್ಲ. ಅಡಿಗೆಮನೆಯ ಎಷ್ಟೋ ಕನ್ನಡ ಮಾತುಗಳು ಮಕ್ಕಳ ಕಿವಿಗೆ ಬೀಳುತ್ತಿದ್ದುದು ಇಂಥ ಕಡೆಯಲ್ಲೇ. ಒರಳು, ಬಿಲ್ಲೆ, ತುರಿ, ತರಿ, ಹಬೆ, ಸುರುಳಿ, ಎಸಳು ಮುಂತಾದುವನ್ನು ಪಾಠದ ಪುಸ್ತಕದಿಂದ ಕಲಿಸಲು ಹೊರಟರೆ ಎಷ್ಟು ದಿನ ಬೇಕು!

೨೦೨೦ರ ಮೇ ತಿಂಗಳಲ್ಲಿ ಕೊರೋನಾ ರೋಗದ ಕಾರಣ ಕೋಯಂಬೇಡಿನ ಸಂತೆಯನ್ನು ಮುಚ್ಚಿದರು. ತರಕಾರಿ ವ್ಯಾಪಾರ ತಿರುಮಳಿಸೈಗೆ ಹೋಗಿ, ಸೆಪ್ಟೆಂಬರ್ ತಿಂಗಳಲ್ಲಿ ಹಿಂದಿರುಗಿತು. ಆ ತಿಂಗಳುಗಳಲ್ಲಿ ಕಾಯಿಗೂ ಬಾಳೆಲೆಗೂ ಪರದಾಟವಿತ್ತು. ಆದರೂ ನಮಗೆ ತಿಳಿದ ಕೆಲವು ಮನೆಗಳಲ್ಲಿ ಎಷ್ಟೋ ವರ್ಷ ಅಟ್ಟದಲ್ಲಿ ಮಲಗಿದ್ದ ಒರಳು ಕೆಳಗಿಳಿದದ್ದು ಆಗಲೇ. ಕಾರಣ ಸರಳ: ಎಲ್ಲರೂ ಮನೆಯಲ್ಲಿದ್ದರು, ಕೈಗಳಿದ್ದುವು. ಸಾಮಾನಿನ ಕೊರತೆಯಿಂದ ಶಾವಿಗೆ ನಿಂತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಆದುದರಿಂದ ಓದುಗರಲ್ಲಿ ನಮ್ಮದೊಂದು ವಿನಂತಿ. ಹಿಂದೆ ಕೇರಿಗೆ ಒಂದು ಒರಳು ಇದ್ದಂತೆ ಈಗ ನಮ್ಮ ಬಡಾವಣೆಗೆ ಒಂದಿರಲಿ. ಇರುವವರು ಎರವಲು ಕೊಡಲಿ, ಇಲ್ಲದವರು ಸಂಕೋಚವಿಲ್ಲದೆ ಕೇಳಲಿ. ಅರುಂಬಾಕ್ಕಂ, ವಿರುಗಂಬಾಕ್ಕಂ, ಅಣ್ಣಾನಗರ, ವಡಪಳನಿ ಎಲ್ಲವೂ ಕೋಯಂಬೇಡಿನ ಸುತ್ತಲಿನವೇ. ಭಾನುವಾರ ನಸುಕಿನಲ್ಲಿ ಸಂತೆಗೆ ಹೋಗಿ ಬಂದರೆ ಹತ್ತು ಗಂಟೆಯ ಹೊತ್ತಿಗೆ ಒತ್ತಲು ಕೂರಬಹುದು. ಹಿಂದಿನ ರಾತ್ರಿಯೇ ಅಕ್ಕಿ ನೆನೆಸಿಟ್ಟಿರಬೇಕು, ಅಷ್ಟೆ. ತಿರುಪು ತಿರುಗಿಸಲು ಹದಿಹರೆಯದ ಹುಡುಗರನ್ನು ಹಿಡಿಯಿರಿ. ಬಲ ತೋರಿಸಲು ಅವರಿಗೂ ಒಂದು ನೆಪ ಬೇಕು. ಪಕ್ಕದ ಮನೆಯ ತಮಿಳು ಬಾಂಧವರನ್ನೂ ಕರೆಯಿರಿ. ಅವರು ‘ಸೇವೈ’ ಎನ್ನಲಿ, ‘ಸಂದಗೈ’ ಎನ್ನಲಿ, ಒತ್ತುವಾಗ ಎಲ್ಲರಿಗೂ ಬೆವರು ಒಂದೇ.

ಇನ್ನೊಂದು ಮಾತು. ನಿಮ್ಮ ತಾಲ್ಲೂಕಿನಲ್ಲಿ ಇದನ್ನು ಏನೆಂದು ಕರೆಯುತ್ತಿದ್ದರು, ಯಾವ ದಿನ ಮಾಡುತ್ತಿದ್ದರು, ಜೊತೆಗೆ ಏನನ್ನು ಬಡಿಸುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಿ. ಅವರು ಹೇಳುತ್ತಿರುವಾಗ ಒರಳನ್ನೂ ಎದುರಿಗೆ ಇಟ್ಟುಕೊಂಡಿದ್ದರೆ ಒಳ್ಳೆಯದು. ಅರ್ಧ ಮಾತಿನಲ್ಲಿ ಬರುತ್ತದೆ, ಉಳಿದರ್ಧ ಅವರ ಕೈಯಲ್ಲಿರುತ್ತದೆ.